ಫ್ಲೈ ರಾಡ್: ಬೆಲೆ ಕೇಳುವ ಮೊದಲು ನಂಬರ್ ಕೇಳಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬರುತ್ತಿದ್ದಂತೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಹಿಮಾಚಲದ ತೀರ್ಥನ್ ಕಣಿವೆಯೋ ಕಾಶ್ಮೀರದ ಲಿದ್ದರ್ ನದಿಯೋ ಕಾಣಿಸಿಕೊಳ್ಳುತ್ತದೆ. ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತ ಯಾರೋ ತೆಳ್ಳನೆಯ ಕೋಲು ಬೀಸುತ್ತಿರುತ್ತಾರೆ, ಲೈನು ಗಾಳಿಯಲ್ಲಿ ಕೊಂಕಿ ನಿಂತಿರುತ್ತದೆ. ಚಿತ್ರ ನೋಡಿದವರಲ್ಲಿ ಕೆಲವರು ರೈಲು ಟಿಕೆಟ್ ತೆಗೆಯುವ ಮೊದಲೇ ಆನ್‌ಲೈನಿನಲ್ಲಿ ಆ ಗಾಳದ ಕೋಲನ್ನು, ಅಂದರೆ ಫ್ಲೈ ರಾಡನ್ನು, ಹುಡುಕಲು ಕೂರುತ್ತಾರೆ. ‘ಇಪ್ಪತ್ತು ಸಾವಿರದೊಳಗೆ ಯಾವ ರಾಡ್ ಒಳ್ಳೆಯದು?’ ಎಂಬುದೇ ಅವರ ಮೊದಲ ಪ್ರಶ್ನೆ. ಹತ್ತು ಲಕ್ಷದೊಳಗೆ ಯಾವ ಗಾಡಿ ಒಳ್ಳೆಯದು ಅಂದ ಹಾಗಾಯಿತು. ಹೊಲ ಉಳುವುದಕ್ಕೋ ದಿಬ್ಬಣ ಹೊರಡಿಸುವುದಕ್ಕೋ ಹೇಳದೆ ಯಾರು ತಾನೇ ಉತ್ತರ ಕೊಟ್ಟಾರು?

ಈ ವಿಷಯದಲ್ಲಿ ಕನ್ನಡದಲ್ಲಿ ಬರೆದದ್ದು ಕಮ್ಮಿ. ಅದಕ್ಕೇ ಈ ಪತ್ರ ಓದುಗರ ಅಂಕಣದ ಅಳತೆ ಮೀರಿ ಬೆಳೆದಿದೆ. ಕತ್ತರಿ ಹಾಕಲೇಬೇಕೆಂದರೆ ಬ್ರಾಂಡ್‌ಗಳ ಪ್ಯಾರಾಕ್ಕೆ ಹಾಕಿ, ಲೈನಿನ ಪ್ಯಾರಾ ಮುಟ್ಟಬೇಡಿ.

ನಮ್ಮ ಕೆರೆ ಏರಿಗಳ ಮೇಲೆ ಕಾಣುವ ಗಾಳದಲ್ಲಿ ಎಸೆತಕ್ಕೆ ತೂಕ ಕೊಡುವುದು ದಾರದ ತುದಿಯ ಸೀಸದ ಗುಂಡು, ಇಲ್ಲವೇ ಲೋಹದ ಚಮಚ. ಕವಣೆಯ ಕಲ್ಲಿನಂತೆ ಅದು ಹಾರುತ್ತದೆ, ದಾರ ಅದರ ಬೆನ್ನು ಹತ್ತಿ ಹೋಗುತ್ತದೆ. ಫ್ಲೈ ಗಾಳದ ರೀತಿ ಬೇರೆ. ಫ್ಲೈ ಎಂದರೆ ಕೊಕ್ಕೆಗೆ ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಹುಸಿ ಹುಳ. ಅದಕ್ಕೆ ತೂಕವೇ ಇಲ್ಲ, ಕೈಯಿಂದ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಇಲ್ಲಿ ಹಾರುವುದು ಪ್ಲಾಸ್ಟಿಕ್ ಲೇಪದ ದಪ್ಪನೆಯ ಲೈನ್. ಗಾಡಿ ಹೊಡೆಯುವವನ ಬಾರುಕೋಲನ್ನು ನೆನೆಸಿಕೊಳ್ಳಿ. ಕೋಲು ಬಾಗಿ ನೆಟ್ಟಗಾಗುವಾಗ ಅದರ ಬಲ ಲೈನಿಗೆ ಇಳಿಯುತ್ತದೆ, ಲೈನು ಸುರುಳಿ ಬಿಚ್ಚುತ್ತಾ ಮುಂದೆ ಸಾಗಿ ತುದಿಯ ಫ್ಲೈಯನ್ನು ನೀರಿನ ಮೇಲೆ ಇಳಿಸುತ್ತದೆ. ಕೋಲನ್ನು ಬಾಗಿಸುವುದು ಲೈನಿನ ತೂಕ. ಆ ತೂಕಕ್ಕೆ ತಕ್ಕ ಕೋಲಿಲ್ಲದಿದ್ದರೆ ಎರಡಕ್ಕೂ ಕೊಟ್ಟ ದುಡ್ಡು ದಂಡ.

ರಾಡ್ ಮೇಲೆ, ಹಿಡಿಕೆಯ ತುಸು ಮೇಲ್ಗಡೆ, ಬರೆದಿರುವ ನಂಬರ್ ಇದೇ ತೂಕದ್ದು. ಲೈನಿನ ಮೊದಲ 30 ಅಡಿ, ಅಂದರೆ 9.14 ಮೀಟರ್, ಎಷ್ಟು ತೂಗುತ್ತದೆ ಎಂಬುದರ ಮೇಲೆ ನಂಬರ್ ನಿಗದಿಯಾಗಿದೆ. ಅಳತೆ ಗ್ರೇನ್‌ನಲ್ಲಿ, ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. 3 ನಂಬರಿನ ಲೈನ್ 100 ಗ್ರೇನ್, 5 ನಂಬರ್ 140, 6 ನಂಬರ್ 160, 8 ನಂಬರ್ 210. ಗ್ರಾಂ ಲೆಕ್ಕದಲ್ಲಿ 5 ನಂಬರ್ ಸುಮಾರು 9.1, 8 ನಂಬರ್ ಸುಮಾರು 13.6. ನಾಲ್ಕೂವರೆ ಗ್ರಾಂ ವ್ಯತ್ಯಾಸ ಕೇಳುವುದಕ್ಕೆ ಏನೂ ಅಲ್ಲ, ಆದರೆ ಕೋಲಿನ ಸ್ವಭಾವವನ್ನೇ ಅದು ಬದಲಿಸುತ್ತದೆ. ಮೀನಿನ ತೂಕಕ್ಕೂ ಈ ನಂಬರಿಗೂ ನೇರ ಸಂಬಂಧವಿಲ್ಲ. 5 ನಂಬರಿನ ರಾಡಿನಲ್ಲಿ ಐದು ಕಿಲೋ ಮೀನು ಹಿಡಿಯಬಹುದು ಎಂದು ಅಂಗಡಿಯವರು ಹೇಳಿದರೆ ಅವರು ಫ್ಲೈ ಗಾಳ ಮುಟ್ಟಿದವರಲ್ಲ ಎಂದು ತಿಳಿಯಿರಿ.

ಹಾಗಿದ್ದರೆ ಯಾವ ನಂಬರ್? ತೀರ್ಥನ್, ಸೈಂಜ್, ಲಿದ್ದರ್‌ನಂಥ, ತಣ್ಣೀರಿನ ಟ್ರೌಟ್ ಮೀನಿರುವ ನದಿಗಳಿಗೆ ಹೋಗುವವರು 5 ನಂಬರ್ ತೆಗೆದುಕೊಂಡರೆ ಕೆಡುವುದಿಲ್ಲ. ನೀರಿನ ಮೇಲೆ ತೇಲುವ ಸಣ್ಣ ಒಣ ಫ್ಲೈಯಿಂದ ಹಿಡಿದು ಮಣಿ ಪೋಣಿಸಿದ, ನೀರಿನೊಳಗೆ ಮುಳುಗುವ ನಿಂಫ್‌ವರೆಗೆ ಎಲ್ಲವನ್ನೂ ಅದು ಎಸೆಯುತ್ತದೆ. ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, 3 ನಂಬರಿನ ಹಗುರ ಲೈನ್ ಆಗ ಹೊಯ್ದಾಡುತ್ತದೆ. ಆಚೆ ದಡಕ್ಕೆ ಹಾರಿ ದಾಟಬಹುದಾದಷ್ಟು ಕಿರಿದಾದ ತೊರೆಗಳಲ್ಲೇ ಆಡುವುದಾದರೆ ಮಾತ್ರ 3 ಅಥವಾ 4 ನೋಡಿ. ಪೆಟ್ಟಿಗೆಯ ಮೇಲೆ ‘5/6’ ಎಂದು ಎರಡು ನಂಬರ್ ಇದ್ದರೆ, ಹತ್ತಿರದ ಎಸೆತಕ್ಕೆ ದೊಡ್ಡ ನಂಬರಿನ ಲೈನ್ ಹಾಕಿ.

ನಮ್ಮ ಹೊಳೆಗಳ ದೊಡ್ಡ ಮೀನಾದ ಮಹಶೀರ್‌ಗೆ 8 ನಂಬರ್ ಬೇಕು, ದೊಡ್ಡ ಹೊಳೆಯಾದರೆ 9 ಅಥವಾ 10. ಟ್ರೌಟ್‌ಗೆಂದು ಕೊಂಡ 5 ನಂಬರಿನಲ್ಲೇ ಮಹಶೀರ್ ಆಡಿಸುತ್ತೇವೆ ಎಂಬ ಜಂಬ ಅಲ್ಲಲ್ಲಿ ಕೇಳುತ್ತದೆ. ಕೋಲು ಮುರಿದರೆ ಹೋಗಲಿ, ಹೊಸದು ಸಿಗುತ್ತದೆ. ಬಲವಿಲ್ಲದ ಕೋಲಿನಲ್ಲಿ ಮೀನನ್ನು ಬೇಗ ಎಳೆದುಕೊಳ್ಳಲು ಆಗುವುದಿಲ್ಲ, ಅರ್ಧ ಗಂಟೆ ಸೆಣಸಿ ಸುಸ್ತಾದ ಮೀನನ್ನು ಬಿಟ್ಟರೂ ಬೆಚ್ಚಗಿನ ನೀರಿನಲ್ಲಿ ಅದು ಚೇತರಿಸಿಕೊಳ್ಳದೆ ಸಾಯಬಹುದು. ಹಿಡಿದು ಬಿಟ್ಟೆವು ಎಂಬ ಫೋಟೊ ಮಾತ್ರ ಉಳಿಯುತ್ತದೆ. ಒಂದೇ ರಾಡಿನಲ್ಲಿ ಟ್ರೌಟ್ ಮತ್ತು ಮಹಶೀರ್ ಎರಡನ್ನೂ ಮುಗಿಸುವ ಆಸೆಯಿಂದ 6 ಅಥವಾ 7 ನಂಬರ್ ಕೊಂಡವರಿಗೆ ಎರಡಕ್ಕೂ ಸಲ್ಲದ ಕೋಲು ಕೈಗೆ ಬರುತ್ತದೆ.

ಉದ್ದ 9 ಅಡಿ ಇರಲಿ. ಪೊದೆ ಬಾಗಿದ ಸಣ್ಣ ತೊರೆಗೆ ಏಳೂವರೆ ಅಡಿ ಅನುಕೂಲ, ನಿಂಫ್ ಒಂದನ್ನೇ ನೆಚ್ಚಿಕೊಂಡವರಿಗೆ 10 ಅಡಿ, ಆದರೆ ಇವೆರಡೂ ಎರಡನೆಯ ರಾಡಿನ ಮಾತು. ನಾಲ್ಕು ತುಂಡಿನದನ್ನೇ ಕೊಳ್ಳಿ. 9 ಅಡಿಯ ನಾಲ್ಕು ತುಂಡಿನ ರಾಡ್ ಬಿಚ್ಚಿದರೆ ಒಂದೊಂದು ತುಂಡು 70 ಸೆಂಟಿಮೀಟರ್ ಆಸುಪಾಸು, ಬಸ್ಸಿನ ಮೇಲ್ಗಡೆಯ ಹಲಗೆಯಲ್ಲೂ ರೈಲಿನ ಬರ್ತ್ ಕೆಳಗೂ ಕೂರುತ್ತದೆ. ಎರಡು ತುಂಡಿನ ರಾಡ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ನಾಲ್ಕೂವರೆ ಅಡಿಯ ಕೊಳವೆಯನ್ನು ಬೆಂಗಳೂರಿನಿಂದ ಕುಲ್ಲುವರೆಗೆ ಮಗುವಿನಂತೆ ಕಾಯಬೇಕು. ನಾಲ್ಕು ತುಂಡಿನದು ಸರಿಯಾಗಿ ಬಾಗುವುದಿಲ್ಲ ಎಂಬುದು ಹಳೆಯ ಕಾಲದ ದೂರು, ಈಗಿನ ಜೋಡಣೆಗಳಲ್ಲಿ ಆ ಕೊರತೆ ಬೀಸುವ ಕೈಗೆ ತಿಳಿಯುವುದೇ ಇಲ್ಲ.

ದುಡ್ಡು ಹೆಚ್ಚು ಪೋಲಾಗುವುದು ‘ಫಾಸ್ಟ್ ಆ್ಯಕ್ಷನ್’ ಎಂಬ ಮಾತಿಗೆ. ಫಾಸ್ಟ್ ರಾಡ್ ತುದಿಯ ಮೂರನೇ ಒಂದು ಭಾಗದಲ್ಲಿ ಹೆಚ್ಚು ಬಾಗುತ್ತದೆ, ಮೀಡಿಯಂ ನಡುವಿನವರೆಗೆ ಬಾಗುತ್ತದೆ, ಸ್ಲೋ ಎಂಬುದು ಹಿಡಿಕೆಯವರೆಗೂ ಮಣಿಯುತ್ತದೆ. ಜಾಹೀರಾತುಗಳಲ್ಲಿ ಫಾಸ್ಟ್ ಎಂದರೆ ಮೇಲು, ಸ್ಲೋ ಎಂದರೆ ಕೀಳು ಎಂಬಂತೆ ಚಿತ್ರಿಸುತ್ತಾರೆ. ಬೆಟ್ಟದ ನದಿಯ ಲೆಕ್ಕ ಹಾಕಿ ನೋಡಿ. ಅಲ್ಲಿ ಬಂಡೆಗಳ ನಡುವಿನ ಪುಟ್ಟ ಮಡುವಿಗೆ ಏಳೆಂಟು ಮೀಟರ್ ದೂರ ಎಸೆಯುವುದೇ ಹೆಚ್ಚು. ಅದರಲ್ಲಿ ರಾಡಿನ ಉದ್ದ ಕಳೆಯಿರಿ, ಲೈನಿನ ಮುಂದೆ ಕಟ್ಟುವ 9 ಅಡಿಯ ತೆಳು ನೈಲಾನ್ ಲೀಡರ್ ಕಳೆಯಿರಿ. ರಾಡ್ ತುದಿಯಿಂದ ಆಚೆ ಇರುವ ದಪ್ಪ ಲೈನ್ ಒಂದೂವರೆಯಿಂದ ಎರಡೂವರೆ ಮೀಟರ್ ಮಾತ್ರ. 9.14 ಮೀಟರಿಗೆ 9 ಗ್ರಾಂ ಎಂದು ಲೆಕ್ಕ ಹಾಕಿ ಕಟ್ಟಿದ ಕೋಲಿಗೆ ಅಲ್ಲಿ ಸಿಗುವುದು ಹೆಚ್ಚೆಂದರೆ ಎರಡೂವರೆ ಗ್ರಾಂ. ಬಿರುಸಾದ ಕೋಲು ಅಷ್ಟಕ್ಕೆ ಮಿಸುಕುವುದೂ ಇಲ್ಲ. ಬಾಗದ ಕೋಲಿಗೆ ಕೈಬಲ ಹಾಕಿ ಬೀಸಿದಾಗ ಲೈನು ನೆಟ್ಟಗೆ ಬಿಚ್ಚದೆ ಮುದ್ದೆಯಾಗಿ ಬೀಳುತ್ತದೆ, ಮೀನು ಓಡುತ್ತದೆ. ತಪ್ಪು ತನ್ನ ಕೈಯದು ಎಂದು ಹೊಸಬರು ಕುಗ್ಗುತ್ತಾರೆ. ಕೈಯ ಪಾಲೂ ಇರುತ್ತದೆ, ಇಲ್ಲವೆನ್ನುವುದಿಲ್ಲ, ಆದರೆ ಅರ್ಧ ತಪ್ಪು ಕೋಲಿನದು.

ಆದ್ದರಿಂದ ಮೊದಲ ಟ್ರೌಟ್ ರಾಡ್ ಮೀಡಿಯಂ, ಇಲ್ಲವೇ ಮೀಡಿಯಂ ಫಾಸ್ಟ್ ಇರಲಿ. ಕೋಲು ಬಾಗಿದ್ದು ಅಂಗೈಗೆ ತಿಳಿಯಬೇಕು, ತಿಳಿದರೇನೇ ಹಿಂಬೀಸು ಮುಂಬೀಸುಗಳ ನಡುವೆ ಎಷ್ಟು ತಡೆಯಬೇಕೆಂಬುದು ಕೂಡುತ್ತದೆ. 8 ನಂಬರಿನ ಮಾತು ಬೇರೆ. ಅಲ್ಲಿ ಭಾರದ ಫ್ಲೈ, ದೊಡ್ಡ ಹೊಳೆ, ಉದ್ದ ಎಸೆತ. ಫಾಸ್ಟ್ ರಾಡ್ ಅಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಫಾಸ್ಟ್ ರಾಡ್ ಆಗಲೇ ಕೊಂಡು ಕುಳಿತವರಿಗೂ ದಾರಿಯುಂಟು: ಒಂದು ನಂಬರ್ ಹೆಚ್ಚಿನ ಲೈನ್ ಹಾಕಿದರೆ ಹತ್ತಿರದ ಎಸೆತದಲ್ಲಿ ಅದು ಬಾಗತೊಡಗುತ್ತದೆ.

ಕೋಲಿನ ಮೇಲೆ ‘ಐಎಂ 6’, ‘ಐಎಂ 8’ ಎಂದು ಬರೆದು ಬೆಲೆ ಏರಿಸುವುದೂ ಉಂಟು. ಅವು ಹೆಕ್ಸೆಲ್ ಎಂಬ ಅಮೆರಿಕನ್ ಕಂಪನಿ ತನ್ನ ಕಾರ್ಬನ್ ನಾರಿಗೆ ಬಳಸುವ ವ್ಯಾಪಾರದ ಹೆಸರುಗಳು, ಚಿನ್ನಕ್ಕೆ ಹಾಕುವ ಹಾಲ್‌ಮಾರ್ಕ್ ಅಲ್ಲ. ಬೇರೆ ಕಾರ್ಖಾನೆಯ ಕೋಲಿನ ಮೇಲೆ ಅದೇ ಅಕ್ಷರ ಇದ್ದ ಮಾತ್ರಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ನಾರು ಬಿಗಿಯಾದಷ್ಟೂ ಕೋಲು ಹಗುರವಾಗುತ್ತದೆ, ಗೋಡೆ ತೆಳುವಾಗುತ್ತದೆ, ಕಲ್ಲಿಗೆ ತಾಗಿದರೆ ಬಿರುಕು ಬಿಡುವುದೂ ಬೇಗ. ಫೈಬರ್ ಗ್ಲಾಸ್ ರಾಡ್‌ಗಳು ಭಾರ, ನಿಧಾನ, ಆದರೆ ಗಟ್ಟಿ. ಸಣ್ಣ ತೊರೆಗೆ ಅವೂ ಚೆಂದ. ಸೀಳಿ ಅಂಟಿಸಿದ ಬಿದಿರಿನ ಕೋಲುಗಳು ನೋಡಲು ಸೊಗಸು, ಆದರೆ ಅವು ನಮ್ಮ ಬಜೆಟ್ಟಿಗೆ ಬರುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಇಪ್ಪತ್ತು ಸಾವಿರ ಇದೆ ಎನ್ನಿ. ಅಷ್ಟನ್ನೂ ರಾಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಲೈನು ತರುವವರೇ ಹೆಚ್ಚು. ರಾಡಿಗೆ ಹತ್ತು ಸಾವಿರ ದಾಟಬೇಡಿ. ಲೈನಿಗೆ ನಾಲ್ಕೂವರೆಯಿಂದ ಐದು ಸಾವಿರ, ಲೈನು ಸುತ್ತಿಡುವ ರೀಲಿಗೆ ಎರಡೂವರೆಯಿಂದ ಮೂರು ಎತ್ತಿಡಿ. ಮಿಕ್ಕಿದ್ದು ಲೀಡರ್, ಲೀಡರಿನ ತುದಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರವಾದ ಟಿಪೆಟ್, ಹತ್ತು ಹನ್ನೆರಡು ಫ್ಲೈ, ಕೊಕ್ಕೆ ಬಿಡಿಸುವ ಇಕ್ಕಳ, ರಬ್ಬರ್ ಬಲೆ ಮತ್ತು ಪರವಾನಗಿಗೆ. ಹತ್ತು ಸಾವಿರದ ರಾಡಿಗೆ ಒಳ್ಳೆಯ ಲೈನ್ ಹಾಕಿದರೆ ಅದು ಎಸೆಯುತ್ತದೆ. ಐವತ್ತು ಸಾವಿರದ ರಾಡಿಗೆ ಕಳಪೆ ಲೈನ್ ಹಾಕಿ, ಎಂಥ ಪಳಗಿದ ಕೈಯಾದರೂ ಒದ್ದಾಡುತ್ತದೆ. ರಾಡ್, ರೀಲ್, ಲೈನ್ ಮೂರೂ ಸೇರಿದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಖೋತಾ ಬೀಳುವುದು ಲೈನಿಗೇ. ಕಿಟ್ ಕೊಂಡರೆ ಮೊದಲು ಬದಲಿಸಬೇಕಾದ್ದೂ ಅದನ್ನೇ.

ಲೈನಿನ ಪೆಟ್ಟಿಗೆಯ ಮೇಲೆ ‘ಡಬ್ಲ್ಯುಎಫ್ 5 ಎಫ್’ ಎಂದಿದ್ದರೆ ಮುಂಭಾಗ ದಪ್ಪ, 5 ನಂಬರ್, ತೇಲುವಂಥದ್ದು ಎಂದರ್ಥ. ಮೊದಲ ಲೈನ್ ಇದೇ ಆಗಲಿ. ಆದರೆ ಪೆಟ್ಟಿಗೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಫಾಸ್ಟ್ ರಾಡ್‌ಗಳನ್ನು ಬಾಗಿಸಲೆಂದು ಹಲವು ಕಂಪನಿಗಳು ಅರ್ಧ ನಂಬರೋ ಒಂದು ನಂಬರೋ ಹೆಚ್ಚು ತೂಕದ ಲೈನ್ ಮಾಡಿ ಅದೇ ‘5’ ಎಂದು ಮಾರುತ್ತವೆ. ಕೆಲವರು ಪೆಟ್ಟಿಗೆಯ ಹಿಂಬದಿ ಸಣ್ಣ ಅಕ್ಷರದಲ್ಲಿ ಗ್ರೇನ್ ತೂಕ ಹಾಕಿರುತ್ತಾರೆ, ಅದನ್ನು ಓದಿ. ಹಾಕಿಲ್ಲವೇ? ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಮನೆಯಲ್ಲೇ ತೂಗಬಹುದು. ಲೈನಿನ ಮುಂತುದಿಯಿಂದ 9.14 ಮೀಟರ್ ಅಳೆದು ಗುರುತು ಹಾಕಿ, ಅಷ್ಟನ್ನು ಸಿಂಬಿಯಂತೆ ಸುತ್ತಿ ತಟ್ಟೆಯ ಮೇಲಿಡಿ. ಉಳಿದ ಲೈನನ್ನು ತಟ್ಟೆಯ ಮಟ್ಟಕ್ಕೇ ಪಕ್ಕದಲ್ಲಿ ಪುಸ್ತಕದ ಮೇಲಿಡಿ. ಅದು ಕೆಳಗೆ ಜೋತರೆ ತೂಕ ತಪ್ಪು ತೋರಿಸುತ್ತದೆ. 9.1 ಗ್ರಾಂ ಬಂದರೆ ನಿಜವಾದ 5. 10.4 ಬಂದರೆ, ಪೆಟ್ಟಿಗೆ ಏನೇ ಹೇಳಲಿ, ಅದು 6. ಮೀಡಿಯಂ ರಾಡಿಗೆ ಆ ಲೈನ್ ಹಾಕಿದರೆ ಕೋಲು ನೆನೆದ ಹಂಚಿಕಡ್ಡಿಯಂತೆ ಜೋಲುತ್ತದೆ, ನೀವು ಬೈಯುವುದು ಪಾಪ ರಾಡನ್ನು.

ಇನ್ನೊಂದು ಮೋಸ ಹವೆಯದು. ಇದನ್ನು ಅಂಗಡಿಯವರು ಹೇಳುವುದು ಅಪರೂಪ. ತಣ್ಣೀರಿನ ಟ್ರೌಟ್ ಲೈನಿನ ಲೇಪ ಮೆದು. ಅದನ್ನು ಏಪ್ರಿಲ್ ಬಿಸಿಲಿನಲ್ಲಿ ಮಂಡ್ಯದ ಕೆರೆಯ ದಂಡೆಗೆ ತಂದರೆ ಮೇಣದಂತೆ ಮೆತ್ತಗಾಗಿ ಕೋಲಿನ ಉಂಗುರಗಳಿಗೆ ಅಂಟಿಕೊಳ್ಳುತ್ತದೆ. ‘ಟ್ರಾಪಿಕಲ್’ ಎಂದು ಬರೆದ ಲೈನ್ ಬಿಸಿಗೆ ಸರಿ, ಆದರೆ ಹಿಮ ಕರಗಿದ ನೀರಿನಲ್ಲಿ ತಂತಿಯಂತೆ ಬಿರುಸಾಗಿ ಸುರುಳಿ ಬಿಡುವುದೇ ಇಲ್ಲ. ಎರಡೂ ಕಡೆ ಆಡುವವರಿಗೆ ಎರಡು ಲೈನ್ ಬೇಕೇ ಬೇಕು. ಸೊಳ್ಳೆಗೆ ಹಚ್ಚುವ ಮುಲಾಮುಗಳಲ್ಲಿ ಡೀಟ್ ಎಂಬ ರಾಸಾಯನಿಕ ಇರುವುದುಂಟು, ಅದು ಲೈನಿನ ಲೇಪವನ್ನೇ ತಿನ್ನುತ್ತದೆ. ಮುಲಾಮನ್ನು ಮುಂಗೈ ಹಿಂಬದಿಯಿಂದ ಹಚ್ಚಿಕೊಳ್ಳಿ, ಅಂಗೈಗೆ ತಾಗಿದ್ದರೆ ಸೋಪು ಹಾಕಿ ತೊಳೆದ ಮೇಲೆ ಲೈನ್ ಮುಟ್ಟಿ.

ಟ್ರೌಟ್ ರೀಲಿಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಲೈನಿನ ಜೊತೆಗೆ, ಅದರ ಹಿಂದೆ ಕಟ್ಟುವ, 20 ಪೌಂಡ್ ತಾಳುವ ಡೇಕ್ರಾನ್ ಬ್ಯಾಕಿಂಗ್ ದಾರ 70–80 ಮೀಟರ್ ಹಿಡಿದರೆ, ಸಲೀಸಾಗಿ ತಿರುಗಿದರೆ ಸಾಕು. ಮಹಶೀರ್‌ಗೆ ಮಾತ್ರ ಗಟ್ಟಿ ಡಿಸ್ಕ್ ಬ್ರೇಕ್ ಇರುವ ರೀಲ್ ಬೇಕು, ಬ್ಯಾಕಿಂಗ್ 150 ಮೀಟರಾದರೂ ಇರಬೇಕು. ಅಲ್ಲಿ ಮೇಲಿನ ಲೆಕ್ಕ ತಿರುವುಮುರುವು ಮಾಡಿ ರೀಲಿಗೆ ಹೆಚ್ಚು ಕೊಡಿ.

ಟಿಪೆಟ್ ದಪ್ಪದ ಲೆಕ್ಕ ನೆನಪಿಡುವುದು ಸುಲಭ. 11ರಲ್ಲಿ ಅದರ ಮೇಲೆ ಬರೆದ ‘ಎಕ್ಸ್’ ಸಂಖ್ಯೆ ಕಳೆದರೆ ಇಂಚಿನ ಸಾವಿರದ ಭಾಗದಲ್ಲಿ ದಪ್ಪ ಸಿಗುತ್ತದೆ. 5 ಎಕ್ಸ್ ಅಂದರೆ 0.006 ಇಂಚು. ಫ್ಲೈಯ ಕೊಕ್ಕೆಯ ಅಳತೆ ನಂಬರನ್ನು ಮೂರರಿಂದ ಭಾಗಿಸಿದರೆ ಯಾವ ಎಕ್ಸ್ ಎಂಬುದು ಹತ್ತಿರ ಹತ್ತಿರ ಬರುತ್ತದೆ. 14ನೇ ಅಳತೆಯ ಫ್ಲೈಗೆ 5 ಎಕ್ಸ್.

ಬ್ರಾಂಡ್ ಹೆಸರು ಹೇಳದೆ ಬಿಟ್ಟರೆ ಓದುಗರು ಸುಮ್ಮನಿರುವುದಿಲ್ಲ. ಸೇಜ್, ಆರ್ವಿಸ್‌ನ ಹೀಲಿಯಾಸ್ ಸಾಲಿನ ರಾಡ್‌ಗಳು ಅಮೆರಿಕದಲ್ಲೇ ಸಾವಿರ ಡಾಲರ್ ಮುಟ್ಟುವಂಥವು, ಅವನ್ನು ಮರೆತುಬಿಡಿ. ಆರ್ವಿಸ್‌ನದೇ ಕ್ಲಿಯರ್‌ವಾಟರ್, ಸೇಜ್‌ನ ಸೋದರ ಬ್ರಾಂಡ್ ರೆಡಿಂಗ್ಟನ್, ಎಕೋ, ಟೆಂಪಲ್ ಫೋರ್ಕ್ ಇವು ನಡು ಬೆಲೆಯ ನಂಬಿಕಸ್ಥ ಹೆಸರುಗಳು. ಅಮೆರಿಕದಲ್ಲಿ ನೆಂಟರಿದ್ದು ಅವರು ಊರಿಗೆ ಬರುವಾಗ ತರುವುದಾದರೆ ರೆಡಿಂಗ್ಟನ್‌ನ ಕ್ಲಾಸಿಕ್ ಟ್ರೌಟ್ ತರಿಸಿ. ಅದು ನಿಧಾನದ, ಸಣ್ಣ ನದಿಗೆ ಹೇಳಿ ಮಾಡಿಸಿದಂಥ ಕೋಲು. ನಮ್ಮಲ್ಲೇ ಆನ್‌ಲೈನಿನಲ್ಲಿ ಸಿಗುವ ಮ್ಯಾಕ್ಸ್‌ಕ್ಯಾಚ್ ಮೊದಲಾದ ಚೀನಾ ರಾಡ್‌ಗಳನ್ನು ಮೂಗು ಮುರಿದು ತಳ್ಳಬೇಕಿಲ್ಲ. ಕೋಲು ಬಹುಪಾಲು ಚೆನ್ನಾಗಿಯೇ ಇರುತ್ತದೆ, ಆದರೆ ಒಂದಕ್ಕೊಂದು ತಾಳೆಯಾಗದಿರಬಹುದು, ಕೈಯಾರೆ ಪರೀಕ್ಷಿಸದೆ ಇಟ್ಟುಕೊಳ್ಳಬೇಡಿ. ವಿದೇಶಿ ವಾರಂಟಿಯನ್ನು ನೆಚ್ಚಿ ಹೆಚ್ಚು ತೆರುವ ಮುನ್ನ, ಮುರಿದ ತುಂಡನ್ನು ಅಲ್ಲಿಗೆ ಕಳಿಸುವ ಕೊರಿಯರ್ ಖರ್ಚು, ವಾಪಸು ಬರುವಾಗ ಬೀಳುವ ಕಸ್ಟಮ್ಸ್ ಸುಂಕ ಎರಡನ್ನೂ ಕೂಡಿಸಿ ನೋಡಿ.

ಪರೀಕ್ಷೆ ಹೀಗೆ. ರಾಡನ್ನು ಜೋಡಿಸಿ ಬಂದೂಕಿನಂತೆ ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಡಿಕೆಯ ಕಡೆಯಿಂದ ತುದಿಯತ್ತ ಒಂದೇ ಕಣ್ಣಲ್ಲಿ ನೋಡಿ. ಲೈನು ಹಾಯುವ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಒಂದು ತುಂಡಿನ ಉಂಗುರಗಳಷ್ಟೇ ವಾಲಿದ್ದರೆ ತುಂಡನ್ನು ತಿರುಗಿಸಿ ಸರಿಮಾಡಬಹುದು, ಒಂದೇ ತುಂಡಿನಲ್ಲಿ ಎರಡು ಉಂಗುರ ಎರಡು ದಿಕ್ಕು ನೋಡುತ್ತಿದ್ದರೆ ವಾಪಸು ಕೊಡಿ. ಉಂಗುರ ಎಷ್ಟಿರಬೇಕು? ಅಡಿಗೊಂದು, ಮೇಲೊಂದು, 9 ಅಡಿಗೆ ಹತ್ತು. ದುಡ್ಡು ಉಳಿಸಲು ಏಳೆಂಟಕ್ಕೆ ನಿಲ್ಲಿಸಿದ್ದರೆ ಉಂಗುರಗಳ ನಡುವೆ ಲೈನು ಜೋತು ಕೋಲಿಗೆ ಉಜ್ಜುತ್ತದೆ. ಒಂದು ಎಳೆ ಹತ್ತಿಯನ್ನು ಹೊಸೆದು ಪ್ರತಿ ಉಂಗುರದೊಳಗೆ ಎಳೆಯಿರಿ. ಹತ್ತಿ ಸಿಕ್ಕಿಕೊಂಡ ಕಡೆ ಕಣ್ಣಿಗೆ ಕಾಣದ ಮುಳ್ಳಿದೆ, ಐದು ಸಾವಿರದ ಲೈನನ್ನು ಅದು ವಾರದಲ್ಲಿ ಸಿಪ್ಪೆ ಸುಲಿಯುತ್ತದೆ.

ಆಮೇಲೆ ಜೋಡಣೆ. ಒಂದೊಂದು ತುಂಡನ್ನೂ ಸೇರಿಸಿ ಮೆಲ್ಲಗೆ ಅಲುಗಿಸಿ, ಕಿವಿಗೊಟ್ಟು ಕೇಳಿ. ‘ಟಿಕ್’ ಎಂದರೆ ಜೋಡಣೆ ಸಡಿಲ. ಹೆಣ್ಣು ಭಾಗದ ಅಂಚನ್ನು, ಅಂದರೆ ಇನ್ನೊಂದು ತುಂಡು ಒಳಗೆ ಹೋಗುವ ಬಾಯಿಯನ್ನು, ಮೊಬೈಲ್ ಟಾರ್ಚ್ ಹಾಕಿ ಸುತ್ತ ನೋಡಿ, ಉಗುರಿನಿಂದ ಸವರಿ. ಕೂದಲೆಳೆ ಬಿರುಕು ಇರುವುದಾದರೆ ಹೆಚ್ಚಾಗಿ ಇಲ್ಲೇ. ಹಿಡಿಕೆಯ ಕಾರ್ಕಿನಲ್ಲಿ ಗುಳಿಗಳಿಗೆ ಪುಡಿ ಮೆತ್ತಿರುವುದು ನಡು ಬೆಲೆಯಲ್ಲಿ ಇದ್ದದ್ದೇ, ಅದಕ್ಕೆ ಗೊಣಗಬೇಡಿ. ರೀಲನ್ನು ಕೂರಿಸಿ ತಿರುಪು ಬಿಗಿ ಮಾಡಿದ ಮೇಲೆ ಮಿಸುಕಾಡಿದರೆ ಮಾತ್ರ ಗೊಣಗಿ.

ಅಂಗಡಿಯಲ್ಲಿ ಕೋಲನ್ನು ಗಾಳಿಯಲ್ಲಿ ಗಡಗಡ ಅಲ್ಲಾಡಿಸಿ ತಲೆದೂಗುವುದರಿಂದ ಏನೂ ತಿಳಿಯುವುದಿಲ್ಲ, ಅಲ್ಲಿ ಲೈನಿನ ತೂಕವೇ ಇಲ್ಲವಲ್ಲ. ಎರಡು ರಾಡ್‌ಗಳಲ್ಲಿ ಯಾವುದು ಬಿರುಸು ಎಂದು ತಿಳಿಯಲು ಅಮೆರಿಕದ ಹವ್ಯಾಸಿಗಳು ಒಂದು ಸೆಂಟಿನ ನಾಣ್ಯಗಳನ್ನು ತೂಗುಹಾಕುವ ಪದ್ಧತಿ ರೂಢಿಸಿದ್ದಾರೆ. ನಮ್ಮ ರೂಪಾಯಿ ನಾಣ್ಯದಲ್ಲೂ ಅದು ನಡೆಯುತ್ತದೆ. ಹಿಡಿಕೆಯನ್ನು ಮೇಜಿಗೆ ಕಟ್ಟಿ ಕೋಲು ನೆಲಕ್ಕೆ ಸಮನಾಗಿರುವಂತೆ ಮಾಡಿ, ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ತುದಿ ಮೂರು ಅಡಿ, ಅಂದರೆ ಕೋಲಿನ ಉದ್ದದ ಮೂರನೇ ಒಂದು ಪಾಲು, ಕೆಳಗಿಳಿಯುವವರೆಗೆ ಒಂದೊಂದೇ ನಾಣ್ಯ ಹಾಕಿ. ಒಂದೇ ಉದ್ದ, ಒಂದೇ ನಂಬರಿನ ಎರಡು ಕೋಲುಗಳಲ್ಲಿ ಒಂದು ಹತ್ತು ನಾಣ್ಯ ಹೆಚ್ಚು ನುಂಗಿತೆಂದರೆ ಅದರ ನಂಬರ್ ಹೆಸರಿಗೆ ಮಾತ್ರ. ನಾಣ್ಯಗಳೆಲ್ಲ ಒಂದೇ ಕಾಲದವು ಇರಲಿ, ಹೊಸ ಹಳೆಯ ರೂಪಾಯಿಗಳ ತೂಕ ಒಂದೇ ಅಲ್ಲ.

ಹಳೆಯ ರಾಡ್ ಕೊಳ್ಳುವವರು ಟೇಪು ಒಯ್ಯಿರಿ. 9 ಅಡಿ ಎಂದು ಬರೆದ ಕೋಲು ಜೋಡಿಸಿದಾಗ 274 ಸೆಂಟಿಮೀಟರ್ ಇರಬೇಕು. 270 ಬಂದರೆ ತುದಿ ಮುರಿದು, ಹೊಸ ಉಂಗುರ ಅಂಟಿಸಿ ನಿಮಗೆ ದಾಟಿಸುತ್ತಿದ್ದಾರೆ. ತುದಿಯ ನಾಲ್ಕು ಸೆಂಟಿಮೀಟರ್ ಹೋದ ಕೋಲು ಬಿರುಸಾಗಿಬಿಟ್ಟಿರುತ್ತದೆ, ಹತ್ತಿರದ ಎಸೆತಕ್ಕೆ ಬಾರದು.

ಕೊಂಡ ಕೋಲು ಮುರಿಯುವುದು ಮೀನಿನಿಂದಲ್ಲ. ಮನೆಯೊಳಗೆ ಜೋಡಿಸಿ ನೋಡುವ ಆತುರಕ್ಕೆ ಸೀಲಿಂಗ್ ಫ್ಯಾನಿಗೆ ಸಿಕ್ಕಿ ಮುರಿಯುತ್ತದೆ, ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯುತ್ತದೆ. ನೀರಿನ ಬಳಿ ಮುರಿದರೆ ಮೊದಲ ಅನುಮಾನ ಸಡಿಲ ಜೋಡಣೆಯ ಮೇಲಿರಲಿ. ಬೀಸುತ್ತಾ ಬೀಸುತ್ತಾ ತುಂಡುಗಳು ಕೂದಲೆಳೆಯಷ್ಟೇ ಸರಿಯುತ್ತವೆ, ಮರುಬೀಸಿಗೆ ಹೆಣ್ಣು ಭಾಗ ಸೀಳುತ್ತದೆ. ಅರ್ಧ ಗಂಟೆಗೊಮ್ಮೆ ಮೂರೂ ಜೋಡಣೆಗಳನ್ನು ಒತ್ತಿ ನೋಡುವುದು ಅಭ್ಯಾಸವಾಗಲಿ. ಗಂಡು ಭಾಗಕ್ಕೆ ಮೇಣದಬತ್ತಿಯನ್ನು ಒಮ್ಮೆ ಉಜ್ಜಿದರೆ ಹಿಡಿತ ಬಿಡುವುದಿಲ್ಲ, ಸಿಕ್ಕಿಕೊಳ್ಳುವುದೂ ಇಲ್ಲ. ಸಿಕ್ಕಿಕೊಂಡರೆ ಉಂಗುರ ಹಿಡಿದು ತಿರುಚಬೇಡಿ. ಕುಕ್ಕರುಗಾಲಿನಂತೆ ತುಸು ಬಾಗಿ ಕೋಲನ್ನು ಮಂಡಿಗಳ ಹಿಂದೆ ಅಡ್ಡ ಹಿಡಿಯಿರಿ, ಎರಡೂ ಕೈ ಮಂಡಿಗಳ ಹೊರಗಡೆ ಜೋಡಣೆಯ ಆಚೀಚೆ ಇರಲಿ. ಈಗ ಮಂಡಿಗಳನ್ನು ಮೆಲ್ಲಗೆ ಅಗಲಿಸಿ. ತೋಳಿನ ಬಲದಂತೆ ಇದು ಜಗ್ಗುವುದಿಲ್ಲ, ನೇರವಾಗಿ ಬಿಡಿಸುತ್ತದೆ.

ಲೋಹದ ಮಣಿ ಹಾಕಿದ ನಿಂಫ್ ಹಿಂಬೀಸಿನಲ್ಲಿ ಕೋಲಿಗೆ ‘ಟಣ್’ ಎಂದು ತಾಗುವುದುಂಟು. ಆ ಕ್ಷಣ ಏನೂ ಆಗದು. ಕಾರ್ಬನ್ ನಾರಿಗೆ ಒಳಗೇ ಪೆಟ್ಟಾಗಿ ಇನ್ನೊಂದು ದಿನ, ಅಂಗೈ ಅಗಲದ ಮೀನಿಗೆ, ಕೋಲು ಪಟಕ್ಕನೆ ಮುರಿಯುತ್ತದೆ. ಕಳಪೆ ಮಾಲು ಎಂದು ಆಗ ಎಲ್ಲರೂ ಕಂಪನಿಯನ್ನು ದೂರುತ್ತಾರೆ. ಮೀನು ಕಾಲ ಹತ್ತಿರ ಬಂದಾಗ ಕೋಲನ್ನು ನೆಟ್ಟಗೆ ಆಕಾಶಕ್ಕೆ ಎತ್ತುವುದು ಇನ್ನೊಂದು ಕಾರಣ. ಭಾರವೆಲ್ಲ ತೆಳ್ಳನೆಯ ತುದಿಗೆ ಬೀಳುತ್ತದೆ. ಕೋಲನ್ನು ಪಕ್ಕಕ್ಕೆ ಓರೆಯಾಗಿ ಹಿಡಿದರೆ ಭಾರ ಬುಡಕ್ಕೆ ಇಳಿಯುತ್ತದೆ. ಇನ್ನು, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ಕೆರೆ ಏರಿಗಳ ಮೇಲೆ, ನಾಲೆಗಳ ಪಕ್ಕ ವಿದ್ಯುತ್ ತಂತಿ ತಲೆಯ ಮೇಲೆಯೇ ಜೋತಿರುವುದು ಹೊಸತೇನಲ್ಲ. 9 ಅಡಿಯ ಕೋಲೆತ್ತುವ ಮೊದಲು ಒಮ್ಮೆ ಮೇಲೆ ನೋಡಿ. ಗುಡುಗು ಕೇಳಿದರೆ ಕೋಲನ್ನು ಕೆಳಗಿಟ್ಟು ದೂರ ಸರಿಯಿರಿ.

ಕಲಿಯುವುದಕ್ಕೆ ಹಿಮಾಚಲದವರೆಗೆ ಕಾಯಬೇಕಿಲ್ಲ. ಆಟದ ಬಯಲಿನ ಹುಲ್ಲಿನ ಮೇಲೆ, ಫ್ಲೈ ಬದಲು ಕೆಂಪು ಉಲ್ಲನ್ನಿನ ಚೂರು ಕಟ್ಟಿ, ದಿನಕ್ಕೆ ಇಪ್ಪತ್ತು ನಿಮಿಷ ಬೀಸಿದರೆ ಎರಡು ವಾರಕ್ಕೆ ಕೈ ಕೂಡುತ್ತದೆ. ಸಿಮೆಂಟಿನ ಮೇಲೆ ಬೀಸಬೇಡಿ, ಲೈನು ತರಚುತ್ತದೆ. ಹಳ್ಳಿ ಕೆರೆಯ ಜಿಲೇಬಿ ಮೀನು ಸಣ್ಣ ನಿಂಫ್‌ಗೆ ಚೆನ್ನಾಗಿ ಬಾಯಿ ಹಾಕುತ್ತದೆ, 5 ನಂಬರಿನ ಕೋಲಿಗೆ ಅದು ಒಳ್ಳೆಯ ಜೊತೆ. ಆದರೆ ಕೆರೆಗಳ ಮೀನುಗಾರಿಕೆ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನೋ ಸಹಕಾರ ಸಂಘವನ್ನೋ ಕೇಳದೆ ಗಾಳ ಹಾಕಿದರೆ ಅದು ಅವರ ಮೀನು ಕದ್ದ ಹಾಗೆ.

ಮಹಶೀರ್ ವಿಚಾರದಲ್ಲಿ ಕರ್ನಾಟಕದ ಓದುಗರು ಇನ್ನೂ ಎಚ್ಚರವಾಗಿರಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋದ ಮಹಶೀರ್ ಹಿಡಿದದ್ದನ್ನು ಗಾಳದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅದನ್ನು ಕೇಳಿ 10 ನಂಬರಿನ ರಾಡ್ ಕೊಂಡು ಭೀಮೇಶ್ವರಿ, ಗಾಳಿಬೋರೆಗೆ ಹೊರಡುವವರಿದ್ದಾರೆ. ಹಿಂದೆ ಅಲ್ಲಿ ಗಾಳದ ಶಿಬಿರಗಳಿದ್ದದ್ದು ನಿಜ, ಈಗ ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ಹಾಕುವಂತಿಲ್ಲ. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನ ಕೊನೆಯ ಮೆಟ್ಟಿಲಲ್ಲಿದೆ. ಶೃಂಗೇರಿ, ರಾಮನಾಥಪುರ, ಶಿಶಿಲದ ದೇವರ ಮೀನುಗಳ ಮಾತಂತೂ ಎತ್ತುವುದೇ ಬೇಡ, ಅಲ್ಲಿ ಪುರಿ ಹಾಕಿ ಕೈಮುಗಿದು ಬನ್ನಿ. 8 ನಂಬರ್ ಕೊಳ್ಳುವ ಮೊದಲು ಯಾವ ಹೊಳೆ, ಯಾವ ಹರಹು, ಅಲ್ಲಿ ಪರವಾನಗಿ ಕೊಡುವವರು ಯಾರು ಎಂದು ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಉತ್ತರ ಸಿಗದಿದ್ದರೆ ಆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಹಿಮಾಚಲದಲ್ಲಿ ನವೆಂಬರ್ ಮೊದಲಿನಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ಗಾಳ ನಿಷಿದ್ಧ. ಕಾಶ್ಮೀರದಲ್ಲಿ ನದಿಯನ್ನು ‘ಬೀಟ್’ಗಳಾಗಿ ಹಂಚಿ ಮೀನುಗಾರಿಕೆ ಇಲಾಖೆ ಪರವಾನಗಿ ಕೊಡುತ್ತದೆ, ಚೀಟಿಯಲ್ಲಿ ಬರೆದ ಬೀಟ್ ಬಿಟ್ಟು ಆಚೆ ಹೋಗುವಂತಿಲ್ಲ. ಕ್ರಿಸ್‌ಮಸ್ ರಜೆಗೆ ತೀರ್ಥನ್‌ಗೆ ರಾಡ್ ಹೊತ್ತು ಹೋಗಿ ಬರಿಗೈಯಲ್ಲಿ ಬರುವವರಿಗೆ ಈ ಮಾತನ್ನು ಮೊದಲೇ ಯಾರೂ ಹೇಳಿರುವುದಿಲ್ಲ. ತಮ್ಮ ಪ್ರವಾಸ ಪುಟದಲ್ಲಿ ಮುಂದಿನ ಸಲ ಅಂಥ ಚಿತ್ರ ಹಾಕುವಾಗ ಅಡಿಯಲ್ಲಿ ಗಾಳದ ಋತು ಯಾವುದು, ಪರವಾನಗಿ ಎಲ್ಲಿ ಸಿಗುತ್ತದೆ ಎಂಬ ಎರಡು ಸಾಲು ಸೇರಿಸಬೇಕೆಂದು ಕೋರುತ್ತೇವೆ.

ಇತಿ,
ಗಾಳದ ಹವ್ಯಾಸಿಗಳು
ಮೈಸೂರು